ಕೋರಂ

ನೂರು ತಲೆ ಬೇಕು ಗ್ರಾಮಸಭೆಗೆ.
ಅಂದು ತೊಂಬತ್ತೇಳಿತ್ತು.
ಎಣಿಸಿದವನು ನಾನೇ, ಬಿಲ್ ಕಲೆಕ್ಟರ್,
ಜಮಖಾನ ಹಾಸಿ, ಕುರ್ಚಿ ಹೊತ್ತು, ಮೈಕಿಗೆ ತಂತಿ ಸುತ್ತಿ
ಬೆವರಿದ್ದವನು.
"ಮೂರು ತಾನೆ ಸಾರ್, ಮೂರು ಹೆಸರು ಬರೆದುಬಿಡಿ" ಅಂದೆ.
ಕಾರ್ಯದರ್ಶಿ ಕುಶಾಲಪ್ಪ ಪೆನ್ನಿಗೆ ಮುಚ್ಚಳ ಹಾಕಿದರು.
"ಸಭೆ ಮುಂದಕ್ಕೆ."

ಇಷ್ಟಕ್ಕೂ ಇದ್ದದ್ದು ಒಂದೇ ವಿಷಯ:
ಹಾಡಿಯಿಂದ ಹೆಣ ಹೂಳುವ ಜಾಗಕ್ಕೆ
ತೋಟದ ನಡುವೆ ಹೋಗುವ ಕಾಲುದಾರಿ.
ತೋಟ ಮಂದಣ್ಣನವರದು. ಬಹಳ ಒಳ್ಳೆಯವರು,
ವ್ಯಂಗ್ಯಕ್ಕೆ ಹೇಳುತ್ತಿಲ್ಲ.
ಸಾವಿನ ಸುದ್ದಿ ಮುಟ್ಟಿದರೆ ನಾಯಿಗಳನ್ನು ಕಟ್ಟಿಸಿ
ತಾವೇ ಗೇಟು ತೆರೆದು, ಹ್ಯಾಟು ತೆಗೆದು ನಿಲ್ಲುತ್ತಿದ್ದರು.
ಸಭೆಗೂ ಬಂದಿದ್ದರು. ಹಿಂದಿನ ಸಾಲಿನಲ್ಲಿ ಕೂತು ನಕ್ಕರು:
"ನಾನು ಬಾಯಲ್ಲಿ ಹೇಳಿದ ಮೇಲೆ
ಪುಸ್ತಕ ಯಾಕೆ, ಕುಶಾಲಪ್ಪ?"
ಹಾಡಿಯವರೂ ನಕ್ಕರು. ನಾನಂತೂ ಜೋರಾಗಿ.
ಕುಶಾಲಪ್ಪ ಮಾತ್ರ ಕನ್ನಡಕ ಒರೆಸುತ್ತ
"ನಿಮ್ಮ ಬಾಯಿ ಇರುವ ತನಕ ಬೇಡ, ಬಿಡಿ" ಎಂದರು.
ಅದು ವಿನಯವೋ ಉದ್ಧಟತನವೋ
ಇವತ್ತಿಗೂ ನನಗೆ ಗೊತ್ತಾಗಿಲ್ಲ.

ಎರಡನೇ ಸಲ ಕಾಫಿ ಕುಯ್ಲು. ಐವತ್ತು ಜನವೂ ಇಲ್ಲ.
ಮೂರನೇ ಸಲ ತಿತಿಮತಿ ರಸ್ತೆಗೆ ಆನೆ ಹಿಂಡು ಇಳಿದು
ಬಂದವರೂ ಜೀಪು ಹತ್ತಿ ವಾಪಸು.
ನಾಲ್ಕನೇ ಸಲ ಮೊಯ್ದು ಕಾಕ ಚಾದಂಗಡಿಗೆ ಬಾಗಿಲೆಳೆದು
ಗಿರಾಕಿಗಳನ್ನೂ ಎಬ್ಬಿಸಿಕೊಂಡು ಬಂದ,
ಒಬ್ಬನ ಕೈಯಲ್ಲಿ ಇನ್ನೂ ಲೋಟ.
ನೂರಾ ಎರಡು!
ಎರವರ ಬೊಳಕಿ ಮೊದಲು ಹೆಬ್ಬೆಟ್ಟು ಒತ್ತಿದಳು.
ಹಸಿ ಮೆಣಸು ಬಿಡಿಸಿ ಕಪ್ಪಾದ ಬೆರಳು,
ಶಾಯಿ ಬೇಕೇ ಇರಲಿಲ್ಲ.
ಮಂದಣ್ಣನವರೂ ಸಹಿ ಹಾಕಿದರು, ತಮಾಷೆಗೆಂಬಂತೆ.
ಠರಾವು ನಂಬರು ಹದಿನಾಲ್ಕು. ಎರಡೂವರೆ ಸಾಲು.

ಆಮೇಲೆ ಎಲ್ಲರೂ ಮರೆತರು. ಮರೆಯುವಂತೆಯೇ ಇತ್ತು:
ಗೇಟು ತೆರೆಯುತ್ತಿತ್ತು, ಹೆಣ ಹೋಗುತ್ತಿತ್ತು.

ಕುಶಾಲಪ್ಪ ಹೋದರು. ಮಂದಣ್ಣನವರು ಹೋದ ಬೆಳಿಗ್ಗೆ
ಎರಡು ಗುಂಡಿನ ಸದ್ದು ಗದ್ದೆ ದಾಟಿ ನಮ್ಮ ತನಕ ಬಂತು.
ತೋಟ ಕೈ ಬದಲಾಯಿತು. ಹೊಸಬರು ಕೆಟ್ಟವರೇನಲ್ಲ,
ನಮ್ಮ ಗುರುತಿಲ್ಲ, ಅಷ್ಟೆ.
ಸೋಲಾರ್ ಬೇಲಿ, ಬೀಗ, ಫೋನಿನಲ್ಲಷ್ಟೇ ಇರುವ ಮ್ಯಾನೇಜರ್.
ಬೊಳಕಿ ತೀರಿಕೊಂಡ ದಿನ
ಚಟ್ಟವನ್ನು ಗೇಟಿನ ಮುಂದೆ ಇಳಿಸಿ ನಿಂತರು.
ಬೇಡೋಣವೆಂದರೆ
ಬೇಡಿಸಿಕೊಳ್ಳುವವರೇ ಊರಲ್ಲಿರಲಿಲ್ಲ.

ನಾನು ಪಂಚಾಯಿತಿಯ ಅಟ್ಟ ಹತ್ತಿದೆ.
ಆ ವರ್ಷದ ನಡಾವಳಿ ಪುಸ್ತಕವನ್ನು ಗೆದ್ದಲು ಅಂಚಿನಿಂದ ತಿಂದಿತ್ತು.
ಹದಿಮೂರು ಅರ್ಧ ಹೋಗಿತ್ತು.
ಹದಿನಾಲ್ಕು ಇತ್ತು.
ತಹಶೀಲ್ದಾರರ ಮುಂದೆ ತೋಟದ ವಕೀಲ
ಮೊದಲು ಹುಡುಕಿದ್ದು ಠರಾವನ್ನಲ್ಲ, ಹಾಜರಿ ಪಟ್ಟಿಯನ್ನು.
ಬೆರಳಿಟ್ಟು ಎಣಿಸಿದ. ಮತ್ತೊಮ್ಮೆ ಎಣಿಸಿದ.
ನನ್ನ ಆ ಮೂರು ಹೆಸರು ಅಲ್ಲೆಲ್ಲಾದರೂ ಇದ್ದಿದ್ದರೆ
ಎಂದು ನೆನೆದು ಕತ್ತಿನ ಹಿಂದೆ ತಣ್ಣಗಾಯಿತು.

ನ್ಯಾಯ ಸಿಕ್ಕಿತು ಎನ್ನಲಾರೆ.
ಬೊಳಕಿಯನ್ನು ಅಂದೇ ತೋಡಿನ ದಂಡೆಯಲ್ಲಿ ಹೂತಾಗಿತ್ತು.
ದಾರಿ ಬಿಟ್ಟದ್ದು ಹನ್ನೊಂದು ತಿಂಗಳ ಮೇಲೆ,
ಅದೂ ನಾಲ್ಕಡಿ ಅಗಲ,
ಹೆಗಲು ಕೊಟ್ಟವರು ಓರೆಯಾಗಿ ನಡೆಯಬೇಕು.
ಆದರೆ ಅಲ್ಲಿ ಈಗ ಯಾರೂ
ಯಾರ ಕಡೆಗೂ ತಿರುಗಿ ಕೈ ಮುಗಿಯುವುದಿಲ್ಲ.
ಅದನ್ನು ನೋಡಲೆಂದೇ ನಾನು ಒಮ್ಮೊಮ್ಮೆ ಹೋಗುತ್ತೇನೆ.

ಇಂದು ಮತ್ತೆ ಸಭೆ. ನಿವೃತ್ತನಾದ ನಾನೂ ಈಗ ಒಂದು ತಲೆ.
ಹೊಸ ಪಿಡಿಒ, ಸಣ್ಣ ಹುಡುಗಿ, ಎಣಿಸುತ್ತಿದ್ದಾಳೆ:
ತೊಂಬತ್ತೆಂಟು, ತೊಂಬತ್ತೊಂಬತ್ತು.
ಅಧ್ಯಕ್ಷರು ಗಡಿಯಾರ ನೋಡಿ ಕೆಮ್ಮುತ್ತಾರೆ,
"ಒಂದು ತಾನೆ, ಬರೆದುಬಿಡಮ್ಮ."
ಅವಳ ಪೆನ್ನು ಹಾಳೆಯ ಮೇಲೆ ನಿಂತಿದೆ.
ಕಿಟಕಿಯಾಚೆ ಮೆಣಸಿನ ಏಣಿಯಿಂದ
ಯಾರೋ ಇಳಿಯುತ್ತಿದ್ದಾರೆ, ನಿಧಾನ,
ಒಂದೊಂದೇ ಗಂಟು ಹುಡುಕಿ ಕಾಲಿಟ್ಟು.
ನಾನೆದ್ದು ಕೂಗುತ್ತೇನೆ:
ಓಯ್, ಬೇಗ ಬಾ ಮಾರಾಯ,
ನೀನು ಬೇಕು.