ಬದುಕಿದ್ದೇನೆ ಎಂಬುದಕ್ಕೆ

ನವೆಂಬರ್ ಬಂತೆಂದರೆ ವಿರಾಜಪೇಟೆಯ ಅಂಚೆ ಕಚೇರಿಗೆ
ಕಳೆದ ವರ್ಷ ಸಾಯದೆ ಉಳಿದವರೆಲ್ಲ ಬರುತ್ತಾರೆ.
ಬೆರಳೊತ್ತಿ ಹೇಳಬೇಕು: ಇದ್ದೇನೆ,
ಇನ್ನೊಂದು ವರ್ಷ ಲೆಕ್ಕದಲ್ಲಿಟ್ಟುಕೊಳ್ಳಿ.

ಮೂರನೇ ಕೌಂಟರಿನಲ್ಲಿ ನಾನು.
ನನ್ನೆದುರು ಬೆಂಕಿಪೊಟ್ಟಣದಷ್ಟು ಮೆಷಿನು, ಒಂದೇ ಕಣ್ಣು.
ಹಸಿರಾದರೆ ಬದುಕು. ಕೆಂಪಾದರೆ
ಮತ್ತೊಮ್ಮೆ ಒತ್ತಿ.

ಇವತ್ತು ಸರ್ವರ್ ಮಲಗಿದೆ,
ಬೆಂಚಿನ ಮೇಲೆ ಮಾತು ಎದ್ದಿದೆ.

ರಿಟೈರ್ಡ್ ಕಾಂಪೌಂಡರ್ ಲೋಕಯ್ಯ ಪೇಪರ್ ಮಡಚಿದರು:
"ಬೊಕ್ಕಸ ಬರಿದಂತೆ. ಪಿಂಚಣಿ ಹೊರೆಯಂತೆ.
ಮೂವತ್ತೊಂದು ವರ್ಷ ನಾನು ಕಟ್ಟಿದ ಬ್ಯಾಂಡೇಜು
ಆಗ ಯಾರಿಗೂ ಹೊರೆ ಅನ್ನಿಸಿರಲಿಲ್ಲ."

"ನನ್ನದನ್ನು ನಾನೇ ತುಂಬಿದ್ದೇನೆ" ಎಂದರು ಹವಿಲ್ದಾರ್ ಬೆಳ್ಳಿಯಪ್ಪ,
"ಪೆಗ್ಗಿನ ಲೆಕ್ಕದಲ್ಲಿ. ಬಾಟಲಿಗೆ ಎಷ್ಟು ಸುಂಕ, ಗುಣಿಸಿ ನೋಡಿ."
"ನಿಮ್ಮದು ಕ್ಯಾಂಟೀನ್ ರಮ್ಮು, ಅದಕ್ಕೆಲ್ಲಿ ಅಷ್ಟು ಸುಂಕ?"
ಚೋಂದಮ್ಮ ಟೀಚರ್ ಕನ್ನಡಕ ಒರೆಸುತ್ತಲೇ ಕೇಳಿದರು.
ಎಲ್ಲರೂ ನಕ್ಕರು. ಹವಿಲ್ದಾರರು ಗೋಡೆಯ ಕ್ಯಾಲೆಂಡರಿನಲ್ಲಿ
ಯಾವುದೋ ತಾರೀಖು ಹುಡುಕಿದರು.

ತೋಟದವರ ಮೇಲೆ ಹಾಕಲಿ,
ಕಾಫಿಗೀಗ ಬಂಗಾರದ ಬೆಲೆ, ಅಂದರು ಒಬ್ಬರು.
ಕಾಂಡಕೊರಕ ಹೊಕ್ಕ ವರ್ಷ
ನಷ್ಟವನ್ನು ಯಾರು ಹಂಚಿಕೊಂಡರು, ಅಂದರು ಇನ್ನೊಬ್ಬರು.
ಪಾರ್ಸೆಲ್ ಕಳಿಸಲು ಬಂದ ಮೊಬೈಲ್ ಅಂಗಡಿಯ ಉನೈಸ್
ಅಲ್ಲಿದ್ದವರಲ್ಲೇ ಕಿರಿಯ. ತಡೆಯಲಾರದೆ ಬಾಯಿಬಿಟ್ಟ:
"ಹಲ್ಲುಜ್ಜುವ ಪೇಸ್ಟಿಗೂ ತೆರಿಗೆ ಕಟ್ಟುತ್ತೇನೆ ನಾನು.
ಹಲ್ಲು ಬಿದ್ದ ಕಾಲಕ್ಕೆ ನನಗೆ ಗಂಜಿ ಯಾರು ಕೊಡುತ್ತಾರೆ?"

ಅದಕ್ಕೆ ಯಾರ ಹತ್ತಿರವೂ ಚಿಲ್ಲರೆ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಲೋಕಯ್ಯ, ಯಾರಿಗೆಂದಿಲ್ಲದೆ:
"ತಮ್ಮನಿಗೆ ಎದೆ ಹಿಡಿದಾಗ ಮೈಸೂರಿಗೆ ನೂರು ಕಿಲೋಮೀಟರು.
ಕಾರ್ಡಿತ್ತು. ಕಾರ್ಡಿನಲ್ಲಿ ದುಡ್ಡೂ ಇತ್ತು.
ತಿತಿಮತಿಯ ಹತ್ತಿರ ರಸ್ತೆಗೆ ಅಡ್ಡ ಆನೆ.
ಮರಿ ಇತ್ತು ಜೊತೆಗೆ, ಹಾರ್ನ್ ಹಾಕುವ ಹಾಗಿಲ್ಲ.
ಅರ್ಧ ಗಂಟೆ.
ಆ ಅರ್ಧ ಗಂಟೆಯನ್ನು ಯಾವ ಬಜೆಟ್ಟಿನಲ್ಲಿ ಹುಡುಕಲಿ?"

ಸರ್ವರ್ ಎದ್ದಿತು.

ಮೊದಲು ಲೈನ್‌ಮನೆಯ ಚೋಮಿ.
ಬೆಳಗಿನ ಬಸ್ಸಿಗೆ ಬಂದವಳು, ಬೆಂಚಿದ್ದರೂ ನೆಲಕ್ಕೆ ಕೂತವಳು.
ತಿಂಗಳಿಗೆ ಸಾವಿರದಿನ್ನೂರು.
ಹೆಬ್ಬೆರಳಿಟ್ಟಳು. ಕೆಂಪು.
ಸೀರೆಗೆ ಒರೆಸಿ ಇಟ್ಟಳು. ಕೆಂಪು.
"ತಲೆಗೆ ಉಜ್ಜಿ ಇಡು, ಎಣ್ಣೆ ಹತ್ತಲಿ" ಎಂದರು ಟೀಚರ್.
ಕೆಂಪು. ತೋರುಬೆರಳು, ನಡುಬೆರಳು, ಕಿರುಬೆರಳು,
ಬಲಗೈ ಮುಗಿದು ಎಡಗೈ.
ಈಗ ಬೆಂಚೂ ಎಣಿಸುತ್ತಿತ್ತು, ಆರು, ಏಳು,
ಹೊರೆ, ಬೊಕ್ಕಸ, ಸುಂಕ ಎಲ್ಲ ಬಿಟ್ಟು,
ಎಂಟು.
ಎಡಗೈಯ ಉಂಗುರದ ಬೆರಳು, ಉಂಗುರವಿಲ್ಲದ್ದು:
ಹಸಿರು.

ಹವಿಲ್ದಾರರು ಕೂತಲ್ಲೇ ಸೆಲ್ಯೂಟ್ ಹೊಡೆದುಬಿಟ್ಟರು.

"ಬೆರಳಿನ ಗೆರೆ ಎಲ್ಲ ಎಲ್ಲಿ ಹೋಯಿತು ಚೋಮಕ್ಕ?"
"ತೋಟದಲ್ಲಿ ಉಂಟು" ಎಂದಳು,
ಗಿಡದಲ್ಲಿ ಮರೆತು ಬಂದ ಕತ್ತಿಯ ಬಗ್ಗೆ ಹೇಳುವ ಹಾಗೆ.

ನೋಟುಗಳನ್ನು ಎರಡು ಸಲ ಎಣಿಸಿ, ಸೆರಗಿಗೆ ಗಂಟು ಹಾಕಿ
ಹೊರಟವಳು ನಿಂತಳು.
"ಮುದುಕಿಯಾದ ಮೇಲೆ ನಿಮಗೂ ಬರ್ತದಾ ಅಕ್ಕ?"
"ನೂರಕ್ಕೆ ಹತ್ತು ಹಿಡಿಯುತ್ತಾರೆ ತಿಂಗಳೂ.
ಕೊನೆಗೆ ಎಷ್ಟು ಅಂತ ಯಾರಿಗೂ ಗೊತ್ತಿಲ್ಲ.
ಮಾರ್ಕೆಟ್ ಹೇಗಿರ್ತದೋ ಹಾಗೆ."

"ಯಾವ ಮಾರ್ಕೆಟ್ಟು? ಬುಧವಾರದ್ದಾ?"

ನಾನು ಉತ್ತರ ಹುಡುಕುವಷ್ಟರಲ್ಲಿ
ಅವಳೇ ಯೋಚಿಸಿ, ನನ್ನ ಮೇಲಿನ ಕರುಣೆಯಿಂದಲೇ ಇರಬೇಕು,
ಕೌಂಟರಿಗೆ ಬಾಗಿ ಗುಟ್ಟು ಹೇಳಿದಳು:
"ಬೆಳಿಗ್ಗೆ ಹೋಗ್ಬೇಡಿ.
ಕತ್ತಲಾಗುವ ಹೊತ್ತಿಗೆ ಹೋಗಿ.
ಉಳಿದದ್ದನ್ನು ಸುಮ್ಮನೆ ಕೊಡ್ತಾರೆ."

ಮುಂದಿನವರು, ಎಂದೆ.