ಎರಡು ನಕ್ಷತ್ರದ ನೀರು

ಶನಿವಾರ ಹನ್ನೊಂದಕ್ಕೆ ನಾನು ನೀರುನಾಯಿಯಾದೆ.
ವೈಟ್‌ಹೇವನ್ನಿನ ಕಿಂಗ್ ಸ್ಟ್ರೀಟಿನಲ್ಲಿ, ಬೇಕರಿಯೆದುರು,
ಬೆನ್ನಿಗೆ ಜಿಪ್ಪು, ಹೊಟ್ಟೆಗೆ ಸ್ಪಂಜು,
ಉಸಿರಿಗೆಂದು ಬಾಯಲ್ಲೊಂದು ಜಾಲರಿ.
ಗಂಟೆಗೆ ಹನ್ನೆರಡು ಪೌಂಡು, ಮೇಲೊಂದು ಪುಕ್ಕಟೆ ಟಿಕೇಟು.

ಟಾಕೀಸಿನ ಗಾರ್ತ್ ಮೊದಲೇ ಹೇಳಿದ್ದ: ಮಾತಾಡಕೂಡದು,
ನೀರುನಾಯಿ ಯಾವ ಊರಿನದೆಂದು
ಮಕ್ಕಳಿಗೆ ತಿಳಿಯಬಾರದು.
ಒಳ್ಳೆಯದೇ ಆಯಿತು.
ಒಳಗೊಳಗೇ ಕನ್ನಡದಲ್ಲಿ ಬೆವರಿದೆ.
ಬನ್ನಿ ತಾಯಿ, ಬನ್ನಿ ಸ್ವಾಮಿ, ಬರೀ ಏಳು ಪೌಂಡು ಎಂದು
ಮೂತಿಯೊಳಗೇ ಗೊಣಗಿದೆ. ಹೊರಗೆ
ಬಾಲ ಮಾತ್ರ ಆಡಿತು.
ಒಂದು ಮಗು ಅಪ್ಪಿಕೊಂಡಿತು, ಒಂದು ಒದ್ದಿತು,
ಕಡಲಹಕ್ಕಿಯೊಂದು ನನ್ನ ತಲೆಯ ಮೇಲೆ ಕೂತು
ಯಾರದೋ ಪೇಸ್ಟ್ರಿಗೆ ಹೊಂಚು ಹಾಕಿತು.

ಗುರುವಾರದ ಪತ್ರಿಕೆಯ ಮುಖಪುಟದಲ್ಲಿ
'ನಮ್ಮೂರ ಹುಡುಗಿ ಬೆಳ್ಳಿತೆರೆಗೆ!'
ರೋವೆನಾ ಸ್ಕೆಲ್ಟನ್, ಪಕ್ಕದಲ್ಲಿ ಮೇಯರ್,
ಮೇಯರನ ಕೊರಳಿನ ಚಿನ್ನದ ಸರ,
ಸರದಾಚೆ, ಫೋಟೋದ ಅಂಚಿಗೆ, ನನ್ನ ಒಂದು ಕಿವಿ.

ಆದರೆ ಅವಳು ಬರೆದದ್ದು ನೀರುನಾಯಿಯನ್ನಲ್ಲ.
ನೀರನ್ನು.
ಮೂರು ವರ್ಷ, ಬ್ರಿಸ್ಟಲಿನ ಒಂದು ಕೋಣೆಯಲ್ಲಿ, ಬರೀ ನೀರು.
ಹೊಳೆಯ ನೀರು, ಬಕೆಟ್ಟಿನ ನೀರು,
ಬೂಟಿನೊಳಗೆ ನುಗ್ಗಿ ಪಚಪಚ ಎನ್ನುವ ನೀರು,
ಮೀಸೆಯ ತುದಿಯಲ್ಲಿ
ಬೀಳಲೋ ಬೇಡವೋ ಎಂದು ನೇತಾಡುವ ಒಂದು ಹನಿ.
ಆ ಹನಿಯೊಂದಕ್ಕೇ ಒಂಬತ್ತು ವಾರ ಹಿಡಿಯಿತಂತೆ.

ಅವಳ ಅಮ್ಮ ವಿನಿಫ್ರೆಡ್, ಬಂದರಿನ ಬಳಿ ಮೀನು ಕರಿಯುವವಳು,
ಬೆಲೆಪಟ್ಟಿಯ ಮೇಲೇ ಪೋಸ್ಟರು ಅಂಟಿಸಿದ್ದಾಳೆ.
ಈಗ ಊರಲ್ಲಿ ಯಾರಿಗೂ ಹ್ಯಾಡಕ್ಕಿನ ರೇಟು ಗೊತ್ತಿಲ್ಲ.

ಮುಂದಿನ ಗುರುವಾರ ಅದೇ ಪತ್ರಿಕೆ. ಹದಿನೆಂಟನೆಯ ಪುಟ.
ಡೇಲಿಯಾ ಗಿಡದ ಆರೈಕೆ ಬರೆಯುವ ಕ್ಲೈವ್ ಮಾಸ್‌ಗ್ರೇವನೇ
ಸಿನಿಮಾದ ಆರೈಕೆಗೂ:
'ಕತೆ ತೆಳು. ಹಾಡು ಜಾಸ್ತಿ.
ನನ್ನ ಹಿಂದಿನ ಸಾಲಿನ ಮಕ್ಕಳು ಚಡಪಡಿಸಿದರು.
ಎರಡು ನಕ್ಷತ್ರ.'
ನೀರಿನ ಬಗ್ಗೆ ಒಂದಕ್ಷರವಿಲ್ಲ.

ನಮ್ಮ ಕಡೆ ಮಳೆಯನ್ನು ನಕ್ಷತ್ರದಲ್ಲೇ ಎಣಿಸುತ್ತಾರೆ, ಕ್ಲೈವ್.
ಆರಿದ್ರೆಯ ಹನಿಯ ತೂಕ ಬೇರೆ, ಮಘೆಯದು ಬೇರೆ,
ಸ್ವಾತಿಯ ಹನಿಗೆ ಚಿಪ್ಪು ಬಾಯ್ತೆರೆದು ಕಾಯುತ್ತದಂತೆ.
ನೀನು ಎರಡೇ ಕೊಟ್ಟೆ.
ಎರಡರಲ್ಲಿ ಇಷ್ಟು ನೀರು ಹೇಗೆ ಸುರಿಯಿತು?

(ಆ ಶುಕ್ರವಾರ ವಿನಿಫ್ರೆಡ್ ಅವನ ಪೊಟ್ಟಣಕ್ಕೆ
ಎರಡೇ ಚಿಪ್ಸು ಹಾಕಿ ಕೊಟ್ಟಳೆಂದು ಸುದ್ದಿ.
ಸುಳ್ಳಿರಬಹುದು. ಆದರೂ ಮೂರು ಜನರಿಗೆ ನಾನೇ ಹೇಳಿದ್ದೇನೆ.)

ಭಾನುವಾರದ ಕೊನೆಯ ಆಟ. ಹನ್ನೊಂದು ಮಂದಿ.
ಹೊರಗೆ ಬಲೂನು ಹಂಚಿ, ನಿಜದ ಮಳೆಯಲ್ಲಿ ತೊಯ್ದು,
ಜಿಪ್ಪು ಸಿಕ್ಕಿಕೊಂಡು, ವೇಷದಲ್ಲೇ ಒಳಗೆ ಬಂದೆ.
ಕತೆ ಮುಗಿದು ಹೆಸರುಗಳು ಮೇಲೇರತೊಡಗಿದವು,
ಇರುವೆಸಾಲಿನ ಹಾಗೆ, ನೂರು, ಇನ್ನೂರು, ಮುನ್ನೂರು.
ಹತ್ತು ಮಂದಿ ಕೋಟು ತೊಟ್ಟು ಎದ್ದರು.
ಒಬ್ಬಳು ನಡುವಿನ ದಾರಿಯಲ್ಲಿ ಫೋನು ಎತ್ತಿ ನಿಂತಿದ್ದಳು.

ಗಾರ್ತನ ಕೈ ಸ್ವಿಚ್ಚಿನ ಕಡೆ ಹೋಯಿತು.
ಕಸ ಗುಡಿಸಬೇಕು, ಅವನಿಗೂ ಮನೆಯಿದೆ.
ನಾನು ಗೋಡೆಗೆ ಬೆನ್ನು ಕೊಟ್ಟು ನಿಂತೆ.
ಅಷ್ಟು ಅಗಲದ ಸ್ಪಂಜಿನ ಬೆನ್ನು
ಇಡೀ ವಾರದಲ್ಲಿ ಮೊದಲ ಸಲ ಉಪಯೋಗಕ್ಕೆ ಬಂತು.

ಹೆಸರು ಬಂತು. ಹೋಯಿತು.
ಒಂದೂವರೆ ಸೆಕೆಂಡು.
ಫೋನಿನಲ್ಲಿ ಸಿಕ್ಕಿದ್ದು ಒಂದು ಬಿಳಿ ಗೀರು.

ಅವಳು ನನ್ನ ಗಾಜಿನ ಕಣ್ಣು ನೋಡಿ ಕೇಳಿದಳು:
'ನೀರು ಒದ್ದೆಯಾಗೇ ಇತ್ತು, ಅಲ್ಲವಾ?'
ಹೌದು ತಾಯಿ, ಅಂದೆ.
ಜಾಲರಿಯಿಂದ ಹೊರಬಿದ್ದದ್ದು ಕನ್ನಡ.
ಅವಳು ತಲೆಯಾಡಿಸಿದಳು,
ನೀರುನಾಯಿಯ ಭಾಷೆ ಮೊದಲಿನಿಂದಲೂ ಬಲ್ಲವಳಂತೆ.

ಸೋಮವಾರ ಗಾರ್ತ್ ಕೂಲಿಯಲ್ಲಿ ಮೂರು ಪೌಂಡು ಹಿಡಿದ.
ಆರು ನಿಮಿಷದ ಪ್ರೊಜೆಕ್ಟರಿನ ಕರೆಂಟಿಗೆ.