ತೂತು ಗೂಡು

ಮೊದಲು ನಾನು ನೋಡಿದ್ದು ಹೋಲ್ಡರು. ತಿರುಪಿನದು.
ನಮ್ಮೂರ ಬಲ್ಬುಗಳಿಗೆಲ್ಲ ಎರಡೆರಡು ಕೊಂಬು,
ಈ ಗಂಟಲಿಗೆ ಕೊಂಬು ಇಳಿಯದು.
ವೈರಿಗೆ ಸುತ್ತಿದ ಬಟ್ಟೆ ಮುಟ್ಟಿದರೆ ಉದುರುತ್ತಿತ್ತು
ಹಳಸಿದ ರೊಟ್ಟಿಯಂತೆ.
‘ಆಗುತ್ತಾ?’ ಎಂದರು ಖಮರುನ್ನೀಸಾ,
ಬಿಸಿನೀರಲ್ಲಿ ಬೆಂದು ಬಿಳಿಚಿದ ಬೆರಳು
ಸೆರಗಿಗೆ ಒರೆಸುತ್ತ.

ಆಮೇಲೆ ಕಣ್ಣೆತ್ತಿ ಮೇಲಿನದು ನೋಡಿದೆ, ನಗು ಬಂತು.
ತಂತಿಯ ಪಂಜರ, ಅದರ ಸುತ್ತ ಹಾಲುಬಣ್ಣದ ಪೊರೆ,
ಒಳಗೊಂದು ಹುಳ ಕೂತು
ತಲೆ ಆಡಿಸಿ ಆಡಿಸಿ ಕಟ್ಟಿದ ಹಾಗೆ.
ಶಿಡ್ಲಘಟ್ಟಕ್ಕೆ ಇಟಲಿಯಿಂದ ಗೂಡು!
ಮೊಸರು ಮಾರುವವಳ ಮನೆಗೆ
ಮಜ್ಜಿಗೆ ಕಳಿಸಿದಂತೆ.

ಅರವತ್ತನಾಲ್ಕರಲ್ಲಿ ಅವರಜ್ಜನ ಹುರಿ ಮಿಷಿನ್ನು ಕೂರಿಸಲು
ಬಂದ ಫಿಟ್ಟರು. ಹೆಸರು ಬ್ರೂನೋ,
ಊರ ಬಾಯಲ್ಲಿ ಬೂರ್ನಾಸಾಬಿ.
ಮರದ ಪೆಟ್ಟಿಗೆಗೆ ಹುಲ್ಲು ತುಂಬಿ
ತನ್ನ ಬೆಳಕನ್ನು ತಾನೇ ಹೊತ್ತು ತಂದಿದ್ದನಂತೆ.
ನಮ್ಮ ಬೋಳು ಬಲ್ಬು ಕಣ್ಣಿಗೆ ಚುಚ್ಚುತ್ತದೆಂದು ದೂರು.
ಬಲ್ಬು ಕಾಣಕೂಡದು, ಕೆಲಸ ಕಾಣಬೇಕು,
ಅಷ್ಟನ್ನೂ ಕೈಸನ್ನೆಯಲ್ಲೇ ಹೇಳಿ
ಎರಡು ತಿಂಗಳ ಊಟದ ಲೆಕ್ಕಕ್ಕೆ
ಮೇಜಿನ ಮೇಲೇ ಬಿಟ್ಟು ಹೋದ.

ಈಗ ಅದರ ಪಕ್ಕೆಯಲ್ಲಿ ಇಲಿ ಕಡಿದ ತೂತು,
ನಾಲ್ಕಾಣೆ ಅಗಲ.
ಹಳೇ ದೀಪ ಕೊಳ್ಳುವ ಪೂವಯ್ಯ ಬೆಂಗಳೂರಿಂದ ಬಂದು
ಬುಡ ಮಗುಚಿ ಮುದ್ರೆ ಓದಿ
ಹೇಳಿದ ಬೆಲೆಗೆ ನನ್ನ ಕೈಯ ಟೆಸ್ಟರು ನಡುಗಿತು.
ತೂತು ಕಂಡದ್ದೇ
ಅರ್ಧ.
ಖಮರುನ್ನೀಸಾ ಒಪ್ಪಿದರು, ಚಕಾರ ಎತ್ತದೆ.
‘ನಾವೂ ಅಷ್ಟೇ ಅಲ್ವಾ ಸ್ವಾಮಿ,
ಚಿಟ್ಟೆ ಕೊರೆದು ಹೋದ ಗೂಡನ್ನ
ಮಾರ್ಕೆಟ್ಟಲ್ಲಿ ಕಾಲಲ್ಲಿ ತಳ್ತೀವಿ.
ಎಳೆ ತುಂಡಾದ್ಮೇಲೆ ಏನು ಬಿಚ್ಚೋದು.’

ಆದರೆ ಆ ರಾತ್ರಿ
ಬಾಣಲೆಯ ತಳದಿಂದ ಜುಂಗು ತೆಗೆದು,
ಅದರ ಅಂಟು ಆರುವ ಮೊದಲು
ತಂತಿಯಿಂದ ತಂತಿಗೆ ಎಳೆದೆಳೆದು
ತೇಪೆ ಹಾಕಿದರು. ಉಗುರಲ್ಲಿ, ಕಣ್ಣಿಗೆ ಕನ್ನಡಕವಿಲ್ಲದೆ.
ನಾನು ವೈರು ಬದಲಿಸಿದೆ. ಅದಕ್ಕೂ
ಅವರ ಮಗ್ಗುಲ ಮನೆಯ ಹುರಿಗಾರ ರೇಷ್ಮೆ ಸುತ್ತಿಕೊಟ್ಟ,
ದುಡ್ಡು ಬೇಡವೆಂದ.
ತಿರುಪಿನ ಬಲ್ಬು ಚಿಂತಾಮಣಿಯಲ್ಲಿ ಸಿಕ್ಕಿತು.

ಸ್ವಿಚ್ಚು ಒತ್ತಿದಾಗ
ಕೋಣೆಯ ಗೋಡೆ ನುಣ್ಣಗಾಯಿತು.
ಸುಣ್ಣದ ಸಿಪ್ಪೆ, ಕ್ಯಾಲೆಂಡರಿನ ಮೊಳೆ, ತೂಕದ ಚೀಟಿ,
ಯಾವುದಕ್ಕೂ ಗಟ್ಟಿ ನೆರಳಿಲ್ಲ.
ಮಿಶ್ರತಳಿ ಗೂಡಿನ ಜುಂಗಲ್ಲವೇ,
ತೇಪೆಯ ಜಾಗ ಮಾತ್ರ ಹಳದಿ,
ಹಾಲಿನ ಮೇಲೆ ತುಪ್ಪದ ಹನಿ.

ಪೂವಯ್ಯ ಮತ್ತೆ ಬಂದ.
ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನಿಂತ.
‘ಅಸಲಿಯಾಗಿ ಉಳೀಲಿಲ್ಲ ಇದು,
ಹಾಗೇ ಬಿಟ್ಟಿದ್ದರೆ ಅರ್ಧವಾದರೂ ಇತ್ತು’ ಅಂದ.
ಚಹಾ ಕುಡಿದ. ಹೊರಡುವಾಗ ಬಾಗಿಲಲ್ಲಿ ತಿರುಗಿ
ಇನ್ನೊಮ್ಮೆ ಹಾಕಿ ನೋಡೋಣ, ಅಂದ.
ಹಾಕಿದೆವು.

ಅಂದಿನಿಂದ ಅದು ಲೆಕ್ಕದ ಮೇಜಿನಲ್ಲೇ ಇದೆ.
ಎಳೆಯ ದಪ್ಪ ನೋಡುವುದು ಅದರ ಕೆಳಗೆ,
ಕೂಲಿ ಎಣಿಸುವುದು ಅದರ ಕೆಳಗೆ.

ಮೊನ್ನೆ ಸಂಜೆ ನನ್ನ ಬಾಕಿ ಕೇಳಲು ಹೋದರೆ
ಕೋಣೆ ಕತ್ತಲು. ಅವರು ಮೆಟ್ಟಿಲ ಮೇಲೆ
ಟಾರ್ಚಿನಲ್ಲಿ ಲೆಕ್ಕ ಬರೆಯುತ್ತಿದ್ದರು.
ಫ್ಯೂಸು ಹೋಯಿತೆಂದು ನಾನು ಒಳಗೆ ನುಗ್ಗಿ
ಸ್ವಿಚ್ಚಿಗೆ ಕೈ ಹಾಕಿದ್ದೇ ತಡ,
‘ಮುಟ್ಟಬೇಡ!’

ಚೀಲದ ತಳದಲ್ಲಿ ಯಾವುದೋ ಒಂದು ತಪ್ಪಿಸಿಕೊಂಡಿತ್ತಂತೆ.
ಹಾರಲು ಬಾರದ ಬಿಳಿಯ ಚಿಟ್ಟೆ, ಹಿಟ್ಟಿನ ಮೈಯದು,
ಹೇಗೆ ಹತ್ತಿತೋ ದೀಪದ ಪೊರೆಯ ಮೇಲೆ
ಆ ಹಳದಿ ತೇಪೆಗೇ ಹೊಟ್ಟೆಯೂರಿ ಕೂತಿದೆ.
‘ಕತ್ತಲಲ್ಲೇ ಅದು ಮೊಟ್ಟೆ ಇಡೋದು.
ಇವತ್ತೊಂದಿನ ಇರಲಿ.’

ಹಿಂದಿನ ಶೆಡ್ಡಿನಲ್ಲಿ ಬಾಣಲೆ ಕುದಿಯುತ್ತಿತ್ತು.
ಆ ವಾಸನೆ ನಮಗೆ ಯಾರಿಗೂ ಗೊತ್ತಾಗುವುದಿಲ್ಲ.

ಇಬ್ಬರೂ ಮೆಟ್ಟಿಲ ಮೇಲೆ ಕೂತೆವು.
ಬಾಕಿಯ ಮಾತು ನಾನು ಎತ್ತಲಿಲ್ಲ.
ಅವರೇ ಎಣಿಸಿ ಕೊಟ್ಟರು, ಟಾರ್ಚು ಬಾಯಲ್ಲಿ ಕಚ್ಚಿಕೊಂಡು,
ಹತ್ತು ರೂಪಾಯಿ ಕಮ್ಮಿ.